ಗೈಡ್‌ಗೆ ಗೊತ್ತಿಲ್ಲದ ಒಂದು ಸಂಗತಿ

(ಮಡಿಕೇರಿಯಲ್ಲಿ ಪದವಿ ಕಾಲೇಜುಗಳ ಹೊಸ ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಮಧ್ಯೆ ದಾರಿ ತಪ್ಪಿದ್ದನ್ನು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ದನಿ ಏರಿಸುತ್ತೇನೆ. ಕರೆಂಟ್ ಹೋದರೂ ತೊಂದರೆ ಇಲ್ಲ. ತೋರಿಸಲಿಕ್ಕೆ ನಾನು ಸ್ಲೈಡ್ ಏನೂ ತಂದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಇದೇ ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎದುರಿಗೆ ನನ್ನ ವಿದ್ಯಾರ್ಥಿಯೊಬ್ಬ ಬಂದ. ಕೊನೆಯ ವರ್ಷದವನು, ಪ್ರಾಜೆಕ್ಟಿಗೆ ನಾನೇ ಗೈಡ್. ಎರಡೂವರೆ ತಿಂಗಳಿಂದ ಮುಖ ತೋರಿಸಿರಲಿಲ್ಲ. ನನ್ನನ್ನು ಕಂಡದ್ದೇ ತಡ, ಸರ್ರನೆ ತಿರುಗಿ ಅಲ್ಲಿ ನಿಂತಿದ್ದ ಕೆಂಪು ಬಸ್ಸಿನ ಹಿಂದೆ ಹೋದ. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು! ಪಾಪ, ಅಡಗಿ ನಿಂತವನು ಬಟ್ಟಬಯಲಲ್ಲಿ ಉಳಿದ. ಇಬ್ಬರೂ ನಕ್ಕೆವು. ಅವನ ನಗು ಅರ್ಧಕ್ಕೇ ನಿಂತಿತು.

ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಸಿ ಕೇಳಿದೆ, "ಏನಪ್ಪಾ, ಯಾಕೆ ಬರಲಿಲ್ಲ?"

"ಏನೂ ಬರೆದಿಲ್ಲ ಮೇಡಂ, ಅದಕ್ಕೇ."

"ಬರೆದಿಲ್ಲ ಅಂತಲೇ ಬಂದು ಹೇಳಬಹುದಿತ್ತಲ್ಲ?"

"ಬರೆದುಕೊಂಡೇ ಬರೋಣ ಅಂತಿದ್ದೆ ಮೇಡಂ."

ಬಾರದವನು ಸೋಮಾರಿ ಎಂದೇ ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಇವನಿಗೆ ಇದ್ದದ್ದು ನಾಚಿಕೆ. ಮೊದಲ ವಾರ ಕೆಲಸ ಆಗಲಿಲ್ಲ, ಬರಲಿಲ್ಲ. ಎರಡನೇ ವಾರ ಬಂದರೆ ಎರಡು ವಾರದ ಕೆಲಸ ತೋರಿಸಬೇಕಲ್ಲ, ಅದಕ್ಕೂ ಬರಲಿಲ್ಲ. ಕೈಸಾಲದ ಬಡ್ಡಿಯ ಹಾಗೆ ಏರುತ್ತಾ ಹೋಗಿ, ಕೊನೆಗೆ ಸಾಲ ಕೊಟ್ಟವರನ್ನು ಕಂಡರೆ ಓಡುವ ಹಾಗೆ ಆಯಿತು.

ಇವತ್ತು ನಾನು ಆಡುವ ಮಾತೆಲ್ಲ ಬಹುಪಾಲು ಇದರ ಸುತ್ತಲೇ ಇರುತ್ತದೆ. ಹುಡುಗರು ನಮ್ಮಿಂದ ಯಾಕೆ ಅಡಗುತ್ತಾರೆ, ಅಡಗದ ಹಾಗೆ ನಾವು ಏನು ಮಾಡಬಹುದು ಅನ್ನುವುದು.

ಕೊನೆ ವರ್ಷದ ಈ ಬರವಣಿಗೆಗೆ ಒಂದೊಂದು ಕಡೆ ಒಂದೊಂದು ಹೆಸರು. ಪ್ರಾಜೆಕ್ಟ್ ಅಂತಾರೆ, ಡೆಸರ್ಟೇಶನ್ ಅಂತಾರೆ, ಕಿರುಪ್ರಬಂಧ ಅಂತಾರೆ. ನಿಯಮವೂ ಒಂದೇ ಕಡೆ ನಿಲ್ಲುತ್ತಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯಕ್ಕೆ ಬಂತು, ನಾಲ್ಕನೇ ವರ್ಷದ ಆನರ್ಸ್ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಸಿಲಬಸ್ ಏನೇ ಇರಲಿ, ಅಷ್ಟು ದಿನ ಹತ್ತು ಮಾರ್ಕಿನ ಉತ್ತರ ಬರೆದು ರೂಢಿ ಇರುವ ಹುಡುಗಿ ಮೊದಲ ಸಲ ಐವತ್ತು ಪುಟ ಬರೆಯಲು ಕೂರುತ್ತಾಳೆ. ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಮೊದಲ ಭೇಟಿಯಲ್ಲಿ ಎಲ್ಲರೂ ಕೇಳುವುದು ಒಂದೇ: "ಮೇಡಂ, ಟಾಪಿಕ್ ಕೊಡಿ." ಕೊಟ್ಟುಬಿಡುವುದು ಸುಲಭ. ನಾನೂ ಬಹಳ ವರ್ಷ ಕೊಟ್ಟೆ. ನಾನು ಎಂ.ಎ.ಯಲ್ಲಿ ಓದಿದ್ದನ್ನೇ, ನನಗೆ ಇಷ್ಟವಾದದ್ದನ್ನೇ ಕೊಟ್ಟೆ. ಆಗ ಏನಾಗುತ್ತದೆ? ಪ್ರತಿ ಪುಟದಲ್ಲೂ ಅವರಿಗಿಂತ ನನಗೆ ಜಾಸ್ತಿ ಗೊತ್ತಿರುತ್ತದೆ. ಅವರು ತಂದದ್ದೆಲ್ಲ ನನ್ನ ಕಣ್ಣಿಗೆ ಕಡಿಮೆ. ಅವರಿಗೆ ಅದು ಇನ್ನೊಂದು ಉತ್ತರ ಪತ್ರಿಕೆ ಅಷ್ಟೇ. ಉತ್ತರ ಪತ್ರಿಕೆಯನ್ನು ಖುಷಿಯಿಂದ ತಂದು ತೋರಿಸುವವರನ್ನು ನಾನಂತೂ ಕಂಡಿಲ್ಲ.

ಈಗ ನಾನು ಟಾಪಿಕ್ ಕೊಡುವುದಿಲ್ಲ. ಅವರ ಜೊತೆ ಕೂತು ಹುಡುಕುತ್ತೇನೆ. ಹುಡುಕುವಾಗ ಒಂದೇ ಅಳತೆ ಇಟ್ಟುಕೊಂಡಿದ್ದೇನೆ: ಇದರಲ್ಲಿ ನನಗೆ ಗೊತ್ತಿಲ್ಲದ, ಇವಳಿಗೆ ಗೊತ್ತಿರುವ, ಅಥವಾ ಇವಳ ಕೈಗೆ ಮಾತ್ರ ಸಿಗುವ ಒಂದು ಸಂಗತಿ ಇದೆಯಾ? ಒಂದೇ ಸಾಕು. ಹೊಸ ಸುದ್ದಿ ಕೈಯಲ್ಲಿ ಇರುವವರು ಅಡಗುವುದಿಲ್ಲ. ಹೇಳಲು ಓಡಿ ಬರುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಾಪೋಕ್ಲು ಕಡೆಯ ಹುಡುಗಿ. ತಂದ ಶೀರ್ಷಿಕೆ 'ಹವಾಮಾನ ಬದಲಾವಣೆ ಮತ್ತು ಕೊಡಗಿನ ಕಾಫಿ'. ಕೊಡಗು ಅಂದರೆ 4,102 ಚದರ ಕಿಲೋಮೀಟರ್. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹಲವು ಪಟ್ಟು ವ್ಯತ್ಯಾಸ. "ಯಾವ ಕೊಡಗು ಮಾರಾಯ್ತಿ?" ಅಂದೆ. ಸುಮ್ಮನೆ ಕೂತಳು. ಆಮೇಲೆ, "ನಮ್ಮ ತೋಟದ ಮಳೆ ಲೆಕ್ಕ ಅಜ್ಜ ಬರೆದಿಟ್ಟಿದ್ದಾರೆ ಮೇಡಂ. ಅದೆಲ್ಲ ಆಗುತ್ತಾ?" ಅಂತ ಕೇಳಿದಳು. ಆಗುತ್ತಾ ಅಂದರೆ! ನಾನು ಕುರ್ಚಿಯಿಂದ ಏಳುವುದೊಂದು ಬಾಕಿ.

ಕೊಡಗಿನವರಿಗೆ ಇದು ಹೊಸತಲ್ಲ. ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಹೇಳುತ್ತೇನೆ. ಇಲ್ಲಿ ಎಷ್ಟೋ ತೋಟದ ಮನೆಗಳ ಅಂಗಳದಲ್ಲಿ ಮಳೆ ಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅಳೆದು ಪುಸ್ತಕದಲ್ಲಿ ಬರೆಯುವುದು ಹಲ್ಲುಜ್ಜಿದಷ್ಟೇ ಸಹಜ. ಲೆಕ್ಕ ಇಂಚು, ಸೆಂಟಿನಲ್ಲಿ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. "ರಾತ್ರಿ ನಿಮ್ಮಲ್ಲಿ ಎಷ್ಟು?" "ಎರಡು ಇಂಚು ನಲವತ್ತು ಸೆಂಟು." ಮದುವೆ ಮನೆಯಲ್ಲೂ ಈ ಮಾತು ನಡೆಯುತ್ತದೆ. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರ್.

ಪ್ರಶ್ನೆಯನ್ನು ಸಣ್ಣದು ಮಾಡಲು ನಮಗೆ ಮೂರು ವಾರ ಹಿಡಿಯಿತು. ಹವಾಮಾನ ಬಿಟ್ಟು ಮಳೆಗೆ ಬಂದೆವು. ವರ್ಷವಿಡೀ ಮಳೆ ಬಿಟ್ಟು ಹೂಮಳೆಗೆ ಬಂದೆವು. ಕೊನೆಗೆ ನಿಂತದ್ದು ಇಲ್ಲಿ: ನಮ್ಮ ತೋಟದಲ್ಲಿ ಪ್ರತಿ ವರ್ಷ ಮೊದಲ ಹೂಮಳೆ ಯಾವ ದಿನ ಬಿತ್ತು? ಫೆಬ್ರವರಿ, ಮಾರ್ಚಿನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ರೊಬಸ್ಟಾ ಗಿಡ ವಾರ ಹತ್ತು ದಿನದಲ್ಲಿ ಬೆಳ್ಳಗೆ ಹೂ ಬಿಡುತ್ತದೆ. ಆಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಮಳೆ ಅಂತಾರೆ. ಮೊದಲನೆಯದು ಬಾರದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕು, ಡೀಸೆಲ್ ಖರ್ಚು. ಅಂದರೆ ಆ ಒಂದು ದಿನಾಂಕದಲ್ಲಿ ಮನೆಯ ಇಡೀ ವರ್ಷದ ಲೆಕ್ಕ ಕೂತಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿನಿಗೆ ಇದಕ್ಕಿಂತ ಏನು ಬೇಕು?

ಪ್ರಶ್ನೆ ಸಣ್ಣದಾಯಿತು, ಕೆಲಸ ಸಣ್ಣದಾಗಲಿಲ್ಲ. ಎಷ್ಟು ಸೆಂಟು ಬಿದ್ದರೆ ಹೂಮಳೆ ಅನ್ನಬೇಕು? ಹತ್ತು ಸೆಂಟಿನ ತುಂತುರನ್ನು ಯಾವ ಬೆಳೆಗಾರನೂ ಹೂಮಳೆ ಅನ್ನುವುದಿಲ್ಲ, ಅಷ್ಟರಲ್ಲಿ ಮೊಗ್ಗು ಅರೆಬರೆ ಆಗಿ ಕೆಡುತ್ತದೆ. ಅಜ್ಜನನ್ನು ಕೇಳಿದಳು, ಪಕ್ಕದ ತೋಟದವರನ್ನು ಕೇಳಿದಳು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೂ ಹೋಗಿ ಬಂದಳು. ಒಂದು ಅಳತೆ ಗೊತ್ತು ಮಾಡಿಕೊಂಡು, ಯಾಕೆ ಅದೇ ಅಂತ ಒಂದು ಪುಟ ಬರೆದಳು.

ಆಮೇಲೆ ಬಂತು ನೋಡಿ ನಿಜವಾದ ಪಾಠ. ಪುಸ್ತಕದಲ್ಲಿ ಕೆಲವು ದಿನ ಖಾಲಿ ಇದ್ದವು. ಅವಳು ಎಲ್ಲದಕ್ಕೂ ಸೊನ್ನೆ ತುಂಬಿಸಿ ಎಕ್ಸೆಲ್ ಶೀಟ್ ತಂದಳು. "ಮಳೆ ಇಲ್ಲದ ದಿನ ಅಜ್ಜ ಏನು ಬರೀತಾರೆ?" ಅಂತ ಕೇಳಿದೆ. ಗೊತ್ತಿರಲಿಲ್ಲ. ಮುಂದಿನ ವಾರ ಬಂದವಳು ಬಾಗಿಲಲ್ಲೇ ಶುರು ಮಾಡಿದಳು: "ಮೇಡಂ, ಮಳೆ ಇಲ್ಲದ ದಿನ ಅಜ್ಜ ಅಡ್ಡಗೆರೆ ಎಳೀತಾರೆ. ಖಾಲಿ ಬಿಟ್ಟರೆ ಅವರು ಊರಲ್ಲೇ ಇಲ್ಲ ಅಂತ!" ಒಂದು ವರ್ಷ ಮಾರ್ಚಿನಲ್ಲಿ ಹದಿನೈದು ದಿನ ಖಾಲಿ, ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಇನ್ನೊಂದು ವರ್ಷ ಏಪ್ರಿಲ್ ಕೊನೆಯೆಲ್ಲ ಖಾಲಿ. ಕಾರಣ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಲ್ಲ, ಆ ವರ್ಷ ಇವರ ಮನೆತನದ ತಂಡ ಸೋಲದೆ ಮುಂದೆ ಹೋಗುತ್ತಲೇ ಇತ್ತಂತೆ. ಅಜ್ಜ ಮೈದಾನದಲ್ಲಿ, ಮಳೆ ಮಾಪಕ ಮನೆಯಲ್ಲಿ.

ಮಾಹಿತಿ ಇಲ್ಲದ್ದು ಬೇರೆ, ಮಳೆ ಇಲ್ಲದ್ದು ಬೇರೆ. ಇದನ್ನು ಸಂಶೋಧನಾ ವಿಧಾನದ ಕ್ಲಾಸಿನಲ್ಲಿ ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಅವಳು ಕಲಿತದ್ದು ಅಜ್ಜನ ಅಡ್ಡಗೆರೆಯಿಂದ.

2018ರ ಆಗಸ್ಟ್ ಪುಟವನ್ನು ನನಗೆ ತೋರಿಸಲೆಂದೇ ಪುಸ್ತಕ ಹೊತ್ತು ತಂದಿದ್ದಳು. ಆ ತಿಂಗಳ ಮಧ್ಯದಲ್ಲಿ ಈ ಸುತ್ತಮುತ್ತ ಗುಡ್ಡಗಳು ಕುಸಿದದ್ದು ಇಲ್ಲಿರುವ ಯಾರಿಗೂ ಮರೆತಿರುವುದಿಲ್ಲ. ಪುಟದಲ್ಲಿ ಮೂರು ದಿನಗಳನ್ನು ಒಂದು ಗೆರೆಯಿಂದ ಸೇರಿಸಿ ಒಂದೇ ಅಂಕಿ ಬರೆದಿತ್ತು. ಪಕ್ಕದಲ್ಲಿ, 'ಹೊರಗೆ ಹೋಗಲು ಆಗಲಿಲ್ಲ'. ಅವಳು ತನ್ನ ರಿಪೋರ್ಟಿನಲ್ಲಿ ಹೀಗೆ ಬರೆದಳು: ಪಾತ್ರೆ ತುಂಬಿ ಹೊರಗೆ ಹರಿದಿರಬಹುದು, ಆದ್ದರಿಂದ ಈ ಅಂಕಿ ನಿಜವಾಗಿ ಬಿದ್ದ ಮಳೆಗಿಂತ ಕಡಿಮೆ ಇರಬಹುದು. ಹೂಮಳೆಗೆ ಇದು ಸಂಬಂಧವೇ ಇಲ್ಲದ ತಿಂಗಳು. ತೆಗೆಸಬೇಕಿತ್ತು. ನಾನು ತೆಗೆಸಲಿಲ್ಲ.

ಹೂಮಳೆ ಮೊದಲಿಗಿಂತ ಬೇಗ ಬರುತ್ತಿದೆಯಾ, ತಡವಾಗಿದೆಯಾ? ಒಂದು ತೋಟದ ಪುಸ್ತಕದಿಂದ ಗಟ್ಟಿಯಾಗಿ ಹೇಳಲಾಗದು, ವರ್ಷದಿಂದ ವರ್ಷಕ್ಕೆ ಏರಿಳಿತ ಬಹಳ, ಎಂದೇ ಅವಳು ಮುಗಿಸಿದಳು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು, ನಮ್ಮ ಮಾತಲ್ಲಿ ಎಕ್ಸ್‌ಟರ್ನಲ್, "ಹಾಗಾದರೆ ಏನು ಸಾಧಿಸಿದೆ?" ಅಂದರು. "ಇಷ್ಟು ವರ್ಷದ ದಿನಾಂಕ ಈಗ ಒಂದು ಪಟ್ಟಿಯಲ್ಲಿದೆ ಸರ್, ಮೊದಲು ಇರಲಿಲ್ಲ" ಅಂದಳು. ಆ ಉತ್ತರ ನಾನು ಹೇಳಿಕೊಟ್ಟದ್ದಲ್ಲ.

ಎಲ್ಲರ ಮನೆಯಲ್ಲೂ ಮಳೆ ಪುಸ್ತಕ ಇರುವುದಿಲ್ಲ, ನಿಜ. ತೋಟ ಇಲ್ಲದವರೇ ಜಾಸ್ತಿ. ಸಿದ್ದಾಪುರ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. 'ಬ್ಯಾಂಕ್ ಗ್ರಾಹಕರ ತೃಪ್ತಿ' ಅಂತ ಟಾಪಿಕ್ ತಂದ. ಸೀನಿಯರ್ ಒಬ್ಬನ ರಿಪೋರ್ಟ್ ಕೈಯಲ್ಲಿತ್ತು, ಬ್ಯಾಂಕಿನ ಹೆಸರು ಬದಲಿಸಿದರೆ ಮುಗಿಯಿತು. "ನಿಮ್ಮ ಮನೆಯಲ್ಲಿ ದುಡ್ಡಿನ ಲೆಕ್ಕ ಯಾರು ಇಡುತ್ತಾರೆ?" ಅಂತ ಕೇಳಿದೆ. ಬಹಳ ಹೊತ್ತು ಬಿಟ್ಟು, "ಅಮ್ಮ. ಲೈನ್ ಮನೆ ಮೇಡಂ ನಮ್ಮದು" ಅಂದ. ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆ ಅದು. ಕೊಯ್ಲಿನ ಕಾಲದಲ್ಲಿ ದಿನಾ ಎಷ್ಟು ಕಿಲೋ ಹಣ್ಣು ಕಿತ್ತೆ ಅಂತ ಅವರಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ವಾರದ ಬಟವಾಡೆ ದಿನ ರೈಟರ್, ಅಂದರೆ ತೋಟದ ಗುಮಾಸ್ತ, ಬರೆದ ಲೆಕ್ಕಕ್ಕೆ ಅದನ್ನು ತಾಳೆ ನೋಡುತ್ತಾರೆ. ಮುಂಗಡ ಪಡೆದದ್ದು, ಅಂಗಡಿ ಸಾಲ, ಸಂಘದ ಕಂತು ಎಲ್ಲ ಅದೇ ಕ್ಯಾಲೆಂಡರಿನಲ್ಲಿ. ಯಾವ ಪುಸ್ತಕದಲ್ಲೂ ನಾನು ಓದದ ಲೆಕ್ಕಪತ್ರ ಅದು. ಎಂಟು ಮನೆಗಳ ಕೊಯ್ಲು ಕಾಲದ ಲೆಕ್ಕ ಅಂತ ವಿಷಯ ಗಟ್ಟಿ ಮಾಡಿದೆವು.

ಇಲ್ಲಿ ಬೇರೆ ಒಂದು ಕಷ್ಟ ಎದುರಾಯಿತು. ಹೆಸರು ಹಾಕಬಾರದು ಅಂತ ಹೇಳಿದ್ದೆ, ಅವನು 'ತೋಟ ಅ' ಅಂತಲೇ ಬರೆದಿದ್ದ. ಆದರೆ ಅದೇ ಸಾಲಿನಲ್ಲಿ, ಹೊಳೆ ಪಕ್ಕ ಹಳೇ ಬಂಗಲೆ ಇರುವ, ನಿವೃತ್ತ ಸೇನಾಧಿಕಾರಿಯೊಬ್ಬರ ತೋಟ! ನಮ್ಮ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 5,54,519. ಎಲ್ಲರಿಗೂ ಎಲ್ಲರೂ ಗೊತ್ತು. ಮನೆತನದ ಹೆಸರು ಬೇಡ, ಒಂದು ಸೇತುವೆ, ಒಂದು ಮರ ಹೇಳಿದರೆ ಮಧ್ಯಾಹ್ನದೊಳಗೆ ಯಾರ ತೋಟ ಅಂತ ಗೊತ್ತಾಗುತ್ತದೆ. ದೊಡ್ಡ ನಗರದಲ್ಲಿ ಕೂತು ಬರೆದ ಸಂಶೋಧನಾ ವಿಧಾನದ ಪುಸ್ತಕಗಳು ಈ ವಿಷಯದಲ್ಲಿ ನಮಗೆ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಆ ಹುಡುಗನ ರಿಪೋರ್ಟಿನಿಂದ ಅವನಮ್ಮನ ಕೆಲಸಕ್ಕೇ ಕುತ್ತು ಬರಬಹುದಿತ್ತು.

ಬಂಗಲೆ ಹೋಯಿತು, ಹೊಳೆ ಹೋಯಿತು. ಎಂಟೂ ಮನೆಯವರ ಒಪ್ಪಿಗೆಯನ್ನು ಎರಡು ಸಲ ಕೇಳಲು ಹೇಳಿದೆ. ಶುರುವಿನಲ್ಲಿ ಒಂದು ಸಲ, ಬರೆದದ್ದನ್ನು ಅವರಿಗೆ ಓದಿ ಹೇಳಿದ ಮೇಲೆ ಇನ್ನೊಂದು ಸಲ. ಎರಡನೇ ಸಲ ಇಬ್ಬರು ಬೇಡ ಅಂದರು. ಇವನಿಗೆ ಅಳುವೇ ಬಂತು. "ಮೇಡಂ, ಸಿನಾಪ್ಸಿಸ್‌ನಲ್ಲಿ ಎಂಟು ಅಂತಿದೆ!" "ಆರು ಅಂತ ಬರೆ. ಯಾಕೆ ಆರು ಅಂತಲೂ ಬರೆ" ಅಂದೆ.

ಇನ್ನು ವೇಳಾಪಟ್ಟಿ. ವಿಶ್ವವಿದ್ಯಾಲಯದ ಕ್ಯಾಲೆಂಡರಿನ ಪಕ್ಕ ಊರಿನ ಕ್ಯಾಲೆಂಡರನ್ನೂ ತೂಗುಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಜಿಗಣೆ, ರಸ್ತೆ ಬಂದ್. ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಭತ್ತದ ಸುಗ್ಗಿ ಹಬ್ಬ ಹುತ್ತರಿ ಕಳೆದರೆ ಕಾಫಿ ಕೊಯ್ಲಿನ ಗಡಿಬಿಡಿ, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಆಗ ಪ್ರಶ್ನಾವಳಿ ಹಿಡಿದು ಹೋದರೆ ಯಾರು ಮಾತಾಡುತ್ತಾರೆ? ನಮ್ಮ ಹುಡುಗರೇ ಕಣದಲ್ಲಿ ಕಾಫಿ ಕೆದಕುತ್ತಾ ಇರುತ್ತಾರೆ, ಕೆಲವರು ಕೂಲಿಗೂ ಹೋಗುತ್ತಾರೆ. ಏಪ್ರಿಲ್, ಮೇ ಮದುವೆ ಮತ್ತು ಹಾಕಿ. ಲೆಕ್ಕ ಹಾಕಿದರೆ ಉಳಿಯುವುದು ಅಕ್ಟೋಬರ್, ನವೆಂಬರ್. ಅದಕ್ಕೇ ನಮ್ಮಲ್ಲಿ ಒಂದು ಮಾತಿದೆ, ಹುತ್ತರಿ ಕದಿರು ಮನೆಗೆ ಬರುವ ಮೊದಲು ಫೀಲ್ಡ್ ವರ್ಕ್ ಮನೆಗೆ ಬರಬೇಕು. ನಮ್ಮಲ್ಲಿ ಅಂದರೆ, ನಾನೇ ಮಾಡಿಕೊಂಡ ಮಾತು.

ಬಸ್ ಸ್ಟ್ಯಾಂಡಿನ ಆ ಸಂಜೆಯ ನಂತರ ನಾನು ಶುರು ಮಾಡಿದ್ದು ಶನಿವಾರದ ಅರ್ಧ ಪುಟ. ಪ್ರತಿ ಶನಿವಾರ ಕೈಯಲ್ಲಿ ಬರೆದ ಅರ್ಧ ಪುಟ ನನ್ನ ಮೇಜಿನ ಮೇಲಿರಬೇಕು. ಈ ವಾರ ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ. ಏನೂ ಮಾಡದಿದ್ದರೆ 'ಏನೂ ಮಾಡಿಲ್ಲ, ಅಕ್ಕನ ಮದುವೆ' ಅಂತ ಬರೆದರೂ ನಡೆಯುತ್ತದೆ. ಅದಕ್ಕೆ ಬೈಗುಳ ಇಲ್ಲ, ಮಾರ್ಕ್ ಇಲ್ಲ. ಬರೆಯದೇ ಇದ್ದರೆ ಮಾತ್ರ ಫೋನ್ ಮಾಡುತ್ತೇನೆ. ಮೊದಲ ತಿಂಗಳು ಬರೀ ಮದುವೆ, ಜ್ವರ, ಕರೆಂಟ್ ಇಲ್ಲ. ಎರಡನೇ ತಿಂಗಳಿಂದ 'ಏನೂ ಮಾಡಿಲ್ಲ' ಅಂತ ಬರೆಯಲು ಅವರಿಗೇ ಬೇಜಾರಾಗಿ ಏನಾದರೂ ಮಾಡಿರುತ್ತಾರೆ.

ಡ್ರಾಫ್ಟ್ ವಿಷಯ. ಮೊದಲ ಡ್ರಾಫ್ಟ್ ಕೆಟ್ಟದಾಗಿರಲಿ, ಬೇಗ ಬರಲಿ. ಪೀಠಿಕೆಯಿಂದ ಶುರು ಮಾಡಿಸಬೇಡಿ. ಪೀಠಿಕೆ ಬರೆ ಅಂದರೆ 'ಭಾರತವು ಕೃಷಿ ಪ್ರಧಾನ ದೇಶ' ಅಂತಲೇ ಶುರುವಾಗುತ್ತದೆ, ಮುಂದಿನ ಆರು ಪುಟ ಎಲ್ಲಿಂದಲೋ ಬರುತ್ತದೆ. ನೀನು ಏನು ಮಾಡಿದೆ, ಯಾರ ಹತ್ತಿರ ಹೋದೆ, ಏನು ಕೇಳಿದೆ ಅನ್ನುವ ಅಧ್ಯಾಯ ಮೊದಲು ಬರೆಸಿ. ಅದನ್ನು ಎಲ್ಲಿಂದಲೂ ಕದಿಯಲು ಆಗುವುದಿಲ್ಲ. ಪೀಠಿಕೆ ಎಲ್ಲದಕ್ಕಿಂತ ಕೊನೆಗೆ.

ಓದುವಾಗ ಮೊದಲ ಸಲ ಪೆನ್ ಹಿಡಿಯದೆ ಓದಿ. ಇದು ನನಗೆ ಈಗಲೂ ಕಷ್ಟ, ಕೈ ತುರಿಸುತ್ತದೆ. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ತಿದ್ದುಪಡಿ ಹೇಳಬೇಡಿ. ಪುಟ ಪೂರ್ತಿ ಕೆಂಪು ಮಾಡಿ ಕೊಟ್ಟರೆ ಹುಡುಗಿ ಕಾಗುಣಿತ ಸರಿಮಾಡಿ ತರುತ್ತಾಳೆ, ವಾದದ ತಪ್ಪು ಹಾಗೇ ಇರುತ್ತದೆ. ಯಾಕೆಂದರೆ ಕಾಗುಣಿತ ಸರಿಮಾಡುವುದು ಸುಲಭ.

ಇಲ್ಲಿ ನನ್ನ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಹಿಂದೆ ಬೇರೊಂದು ಕಾಲೇಜಿನಲ್ಲಿದ್ದಾಗ ಒಬ್ಬನ ಕೊನೆಯ ಅಧ್ಯಾಯ ನೋಡಿ ತಾಳ್ಮೆ ಕೆಟ್ಟಿತು. ಸಲ್ಲಿಸಲು ನಾಲ್ಕು ದಿನ ಇತ್ತು. ರಾತ್ರಿ ಕೂತು ನಾನೇ ಬರೆದುಬಿಟ್ಟೆ. ಬಹಳ ಚೆನ್ನಾಗಿ ಬಂದಿತ್ತು, ಅದೇ ತೊಂದರೆ. ವೈವಾದಲ್ಲಿ ಎಕ್ಸ್‌ಟರ್ನಲ್ ಅದೇ ಅಧ್ಯಾಯದ ಒಂದು ವಾಕ್ಯ ಓದಿ, "ಇದರ ಅರ್ಥ ಹೇಳಪ್ಪ" ಅಂದರು. ಹುಡುಗ ನನ್ನ ಮುಖ ನೋಡಿದ. ಎಕ್ಸ್‌ಟರ್ನಲ್ ಕೂಡ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಅಂಕಿಅಂಶದ ಬಗ್ಗೆ ಎರಡೇ ಮಾತು. ನಮ್ಮ ಜಿಲ್ಲೆಯಲ್ಲಿ ಈಗ ಐದು ತಾಲ್ಲೂಕು. 2011ರ ಜನಗಣತಿಯಲ್ಲಿ ಮೂರೇ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ. ಪೊನ್ನಂಪೇಟೆ, ಕುಶಾಲನಗರ ಆಮೇಲೆ ಬಂದವು. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ, ವಿರಾಜಪೇಟೆಯ ಜನಸಂಖ್ಯೆ ಇಳಿದುಹೋಯಿತು ಅಂತ ತೀರ್ಮಾನ ಬರೆದವರಿದ್ದಾರೆ. ಇನ್ನು ಇತಿಹಾಸದವರು. 1956ರ ನವೆಂಬರ್ 1ರ ತನಕ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬೇರೆಯೇ ರಾಜ್ಯ. 1951ರ ಮೈಸೂರು ರಾಜ್ಯದ ಅಂಕಿಗಳಲ್ಲಿ ಕೊಡಗನ್ನು ಹುಡುಕಿ ಸಿಗಲಿಲ್ಲ ಅಂತ ಬೇಸರ ಮಾಡಿಕೊಂಡು ಬರುತ್ತಾರೆ. ಸಿಗುವುದಾದರೂ ಹೇಗೆ?

ಕದಿಯುವುದು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2018ರ ನಿಯಮ ಇದೆ. ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡ ಇಲ್ಲ. 10ರಿಂದ 40ರ ತನಕ ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಗೊತ್ತಿರಲಿ. ಆದರೆ ಸಾಫ್ಟ್‌ವೇರ್ ಕೊಡುವ ಅಂಕಿಯನ್ನೇ ನಂಬಬೇಡಿ. ಒಬ್ಬ ಕನ್ನಡದಲ್ಲಿ ಬರೆದ ಪ್ರಬಂಧ ತಂದು, "ಸೊನ್ನೆ ಪರ್ಸೆಂಟ್ ಮೇಡಂ" ಅಂತ ಹಿಗ್ಗಿದ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದ, ಯುನಿಕೋಡ್ ಅಲ್ಲ. ನಮಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದು ಜಗತ್ತಿನ ಯಾವ ಬರಹಕ್ಕೂ ಹೋಲುವುದಿಲ್ಲ, ಸೊನ್ನೆ ಬಾರದೆ ಏನು ಬರುತ್ತದೆ! ಯುನಿಕೋಡಿಗೆ ಬದಲಿಸಿ ಮತ್ತೆ ನೋಡಿದಾಗ ಹಿಗ್ಗು ಇಳಿಯಿತು.

ಈಗ ಚಾಟ್‌ಜಿಪಿಟಿ ಬಂದಿದೆ. ಬೇಡ ಅಂದರೆ ಬಿಡುತ್ತಾರಾ? ನಾನು ಪತ್ತೇದಾರಿ ಕೆಲಸಕ್ಕೆ ಹೋಗುವುದಿಲ್ಲ. ಎರಡು ಕೇಳುತ್ತೇನೆ ಅಷ್ಟೇ. ಫೀಲ್ಡಿನಲ್ಲಿ ಬರೆದುಕೊಂಡ ಪುಸ್ತಕ ತಾ, ಮಣ್ಣು ಮೆತ್ತಿದ್ದರೆ ಇನ್ನೂ ಒಳ್ಳೆಯದು. ಮತ್ತೆ, ಗ್ರಂಥಋಣದಲ್ಲಿ ಹಾಕಿದ ಪ್ರತಿಯೊಂದನ್ನೂ ತೆರೆದು ನನಗೆ ಆ ಪುಟ ತೋರಿಸು. ಈ ಯಂತ್ರಗಳು ಇಲ್ಲದ ಪುಸ್ತಕ, ಇಲ್ಲದ ಲೇಖನ ಹುಟ್ಟಿಸಿ ಕೊಡುತ್ತವೆ. ಲೇಖಕರ ಹೆಸರು, ಇಸವಿ, ಪುಟ ಸಂಖ್ಯೆ ಎಲ್ಲ ನಂಬುವ ಹಾಗೇ ಇರುತ್ತದೆ. ತೆರೆದು ತೋರಿಸು ಅಂದಾಗ ಪಟ್ಟಿ ನಲವತ್ತರಿಂದ ಹನ್ನೊಂದಕ್ಕೆ ಇಳಿದ ಉದಾಹರಣೆ ನನ್ನ ಹತ್ತಿರ ಇದೆ.

ಭಾಷೆಯ ಬಗ್ಗೆ ಹೇಳದೆ ಮುಗಿಸಲಾರೆ. ನಮ್ಮ ಹುಡುಗರು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮಾತಾಡುತ್ತಾರೆ. ಸಂದರ್ಶನ ಒಂದು ಭಾಷೆಯಲ್ಲಿ, ಟಿಪ್ಪಣಿ ಕನ್ನಡದಲ್ಲಿ, ರಿಪೋರ್ಟ್ ಇಂಗ್ಲಿಷಿನಲ್ಲಿ. ಮೂರು ಸಲ ಪಾತ್ರೆ ಬದಲಿಸಿದರೆ ಒಂದಷ್ಟು ಚೆಲ್ಲುತ್ತದೆ. ಒಬ್ಬಳು 'ಬಾಣೆ'ಯನ್ನು ಇಂಗ್ಲಿಷಿನಲ್ಲಿ ಬಂಜರು ಭೂಮಿ ಅನ್ನುವ ಅರ್ಥದಲ್ಲಿ ಬರೆದಿದ್ದಳು. ಬಾಣೆ ಅಂದರೆ ಗದ್ದೆಯ ಜೊತೆಗೆ ಸೇರಿ ಬಂದ ಎತ್ತರದ ಕಾಡು ಜಾಗ. ದನ ಮೇಯಿಸಲು, ಸೌದೆಗೆ, ಗೊಬ್ಬರದ ಸೊಪ್ಪಿಗೆ. ಬಂಜರು ಅಂತ ಬರೆದ ಕೂಡಲೇ ಅವಳ ಇಡೀ ವಾದ ಮುರಿದುಬಿತ್ತು. ಇಂಥ ಮಾತುಗಳನ್ನು ಅನುವಾದ ಮಾಡಿಸಬೇಡಿ. ಹಾಗೇ ಇಟ್ಟು, ಮೊದಲ ಸಲ ಬಂದಾಗ ನಾಲ್ಕು ಸಾಲು ವಿವರಿಸಿದರೆ ಸಾಕು.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆ ಇದ್ದರೆ ಕೇಳಿ.

(ಹಿಂದಿನ ಸಾಲಿನ ಯುವ ಅಧ್ಯಾಪಕರೊಬ್ಬರು ಎದ್ದರು: "ಮೇಡಂ, ನನ್ನ ಪಾಲಿಗೆ ಇಪ್ಪತ್ತೆರಡು ಮಂದಿ ಇದ್ದಾರೆ. ಇದೆಲ್ಲ ಆಗುತ್ತಾ?")

ಎಲ್ಲ ಆಗುವುದಿಲ್ಲ. ಇಪ್ಪತ್ತೆರಡು ಅರ್ಧ ಪುಟ ಓದಲು ಒಂದೂವರೆ ಗಂಟೆ ಸಾಕು, ಅದನ್ನು ಬಿಡಬೇಡಿ. ಟಾಪಿಕ್ ಹುಡುಕುವ ಮೊದಲ ಮೂರು ವಾರ ಬಿಡಬೇಡಿ. ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರದು ಒಬ್ಬರು ಓದಲಿ. ವಾಕ್ಯ ತಿದ್ದುವ ಕೆಲಸ ಬಿಟ್ಟುಬಿಡಿ. ನಾನು ತಿದ್ದಿದ ಕಥೆ ಹೇಳಿದೆನಲ್ಲ.

(ಇನ್ನೊಬ್ಬರು: "ಬಸ್ಸಿನ ಹಿಂದೆ ಅಡಗಿದವನು ಮುಗಿಸಿದನಾ?")

ಮುಗಿಸಿದ. ಕೊನೆಯ ದಿನ, ಬೈಂಡಿಂಗ್ ಅಂಟು ಒಣಗುವ ಮೊದಲೇ ತಂದುಕೊಟ್ಟ. ಪಾಸಾದ, ಅಷ್ಟೇ. ಸಹಕಾರ ಸಂಘಗಳ ಬೆಳವಣಿಗೆ ಅಂತ ಟಾಪಿಕ್, ನಾನೇ ಕೊಟ್ಟದ್ದು. ವೈವಾ ಮುಗಿದ ಮೇಲೆ ಗೇಟಿನ ಹತ್ತಿರ ಅವರಪ್ಪ ಕಾಯುತ್ತಿದ್ದರು, ಜೀಪಿನಲ್ಲಿ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಜೀಪು. ಸೀಸನ್‌ನಲ್ಲಿ ಎಷ್ಟು ಟ್ರಿಪ್, ಮಳೆಗಾಲದಲ್ಲಿ ಎಷ್ಟು, ಕಂತು ಎಷ್ಟು, ಟೈರು ಎಷ್ಟು ದಿನಕ್ಕೊಮ್ಮೆ, ಐದು ವರ್ಷದ ಲೆಕ್ಕ ಡ್ಯಾಶ್‌ಬೋರ್ಡಿನ ಡೈರಿಯಲ್ಲಿತ್ತು. ಬರೆಯುತ್ತಿದ್ದದ್ದು ಆ ಹುಡುಗನೇ.